ಎಣ್ಣೆ ಹಚ್ಚಿದ ಬೀಜ

ಕಂತು ಏಳು

"ಇಷ್ಟು ಪೆಟ್ರೋಲ್ ಸಾಕೇನ್ರಿ ಅಕ್ಕಾರ?"

ಪ್ರಿಯಾಂಕಾ ಅಪ್ಪನ ಬೈಕಿನಿಂದ ಇಳಿಸಿದ ಪೆಟ್ರೋಲನ್ನು ಸ್ಟೀಲ್ ಬಟ್ಟಲಿನಲ್ಲಿ ತಂದು ಮೇಜಿನ ಮೇಲಿಟ್ಟಳು. ಭುವನಾ ತಲೆ ಎತ್ತದೆಯೇ "ಸಾಕು" ಎಂದಳು. ಅವಳ ಮುಂದೆ ಎರಡು ಗಾಜಿನ ಲೋಟಗಳಿದ್ದವು. ಎರಡರ ತಳದಲ್ಲೂ ನಾಲ್ಕು ನಾಲ್ಕು ಟೊಮ್ಯಾಟೊ ಬೀಜ, ಕೆಂಪು ಬಣ್ಣದವು.

ಹಲಗೇರಿಯ ಹಾಲೇಶಪ್ಪನ ಕಪಾಟಿನಲ್ಲಿದ್ದ ಕಂಪನಿಯ ಗಂಡು ಬೀಜವನ್ನು ಯಾರೋ ಕದ್ದು, ಬಣ್ಣ ಬಳಿದ ಸಂತೆಯ ಬೀಜವನ್ನು ಡಬ್ಬಿಗೆ ಸುರಿದದ್ದು ಬಯಲಾಗಿ ಇಂದಿಗೆ ನಾಲ್ಕು ದಿನ. ಆ ಕಪಾಟಿನ ಕೋಣೆಯಲ್ಲಿ ವಾರಕ್ಕೆ ಮೂರು ಸಂಜೆ ಕೂರುತ್ತಿದ್ದ ಹೊರಗಿನವಳು ಅವನ ಮಗಳು ಪ್ರಿಯಾಂಕಾಗೆ ಪಾಠ ಹೇಳುವ 'ಅಕ್ಕಾರು' ಭುವನಾ ಒಬ್ಬಳೇ.

ಹಾಲೇಶಪ್ಪ ಕಂಪನಿಗಾಗಿ ಊರವರಿಂದ ಹೈಬ್ರಿಡ್ ಬೀಜ ಬೆಳೆಸುವವನು. ಗಂಡು ಗಿಡದ ಪರಾಗವನ್ನು ತಂದು ಹೆಣ್ಣು ಗಿಡದ ಹೂವಿಗೆ ಮುಟ್ಟಿಸಬೇಕು. ಗಂಡು ಇಲ್ಲದಿದ್ದರೆ ಹೊಲದ ತುಂಬ ಹೂವಿದ್ದರೂ ಬರುವುದು ಪಲ್ಯದ ಟೊಮ್ಯಾಟೊ ಮಾತ್ರ. ನಲವತ್ತು ಮನೆಗಳ ಹಂಗಾಮು ಅಂಗೈಯಗಲದ ಒಂದು ತಗಡಿನ ಡಬ್ಬಿಯಲ್ಲಿತ್ತು. ಸಸಿಮಡಿಯಲ್ಲಿ ಮೊಳಕೆ ಎದ್ದಾಗ ಹಾಲೇಶಪ್ಪ ಬಗ್ಗಿ ನೋಡಿ ಅಲ್ಲಿಯೇ ಕುಸಿದು ಕೂತಿದ್ದ. ಹಸಿರು ಇರಬೇಕಾದ ದಂಟು ನೇರಳೆ ಬಣ್ಣಕ್ಕಿತ್ತು.

"ಸುರುವಿಡ್ರಿ," ಎಂದ ಹಾಲೇಶಪ್ಪ. "ಏನ್ ತೋರಸ್ತೀರೋ ತೋರಸ್ರಿ."

ಡಬ್ಬಿಯ ತಳದಲ್ಲಿ ಉಳಿದಿದ್ದ ಕಳ್ಳ ಬೀಜಗಳಿವು. ಭುವನಾ ಒಂದು ಲೋಟಕ್ಕೆ ನೀರು ಹಾಕಿದಳು. ಬೀಜ ತೇಲಿತು, ಮುಳುಗಿತು. ನೀರು ನೀರಾಗಿಯೇ ಇತ್ತು.

"ಕಂಪನಿ ಬೀಜಕ್ಕ ಔಷಧದ ಪುಡಿ ಹಚ್ಚಿರ್ತಾರ. ಅದು ನೀರಿಗೆ ಬಿದ್ದ ಕೂಡಲೆ ಗುಲಾಬಿ ಬಣ್ಣ ಬಿಡತೈತಿ. ಇದು ಬಿಡಲಿಲ್ಲ. ಈಗ ನೋಡ್ರಿ."

ಇನ್ನೊಂದು ಲೋಟಕ್ಕೆ ಪೆಟ್ರೋಲ್ ಸುರಿದಳು. ಬೀಜದ ಸುತ್ತ ಕೇಸರಿ ಎಳೆಯೊಂದು ಎದ್ದು, ಸುತ್ತಿ, ಲೋಟವೆಲ್ಲ ಕೆಂಪಾಯಿತು.

ಭುವನಾ ತಡೆಯಲಾರದೆ ಹೇಳಿಬಿಟ್ಟಳು: "ಮೆಣಸಿನಕಾಯಿ ಬಣ್ಣ! ನೀರಿಗೆ ಬಗ್ಗೂದಿಲ್ಲ, ಪೆಟ್ರೋಲಿಗೆ ಬಗ್ಗತೈತಿ. ಅಂಗಡಿ ಬಣ್ಣ ಅಲ್ಲ ಇದು, ಖರೇ ಬ್ಯಾಡಗಿ ಕಾಯಿದು!"

ಬಾಗಿಲಿಗೆ ಒರಗಿ ನಿಂತಿದ್ದ ಕಂಪನಿಯ ಫೀಲ್ಡ್ ಆಫೀಸರ್ ಮಧು ಮೊಬೈಲನ್ನು ಜೇಬಿಗಿಟ್ಟ. ಶಿವಮೊಗ್ಗ ಕಡೆಯ ಹುಡುಗ, ಮಾತು ಮೆತ್ತಗೆ.

"ಮೇಡಂ, ನಿಮ್ಮ ಎಂ.ಎಸ್ಸಿ. ಪ್ರಾಜೆಕ್ಟು ಯಾವುದರ ಮೇಲೆ ಅಂದ್ರಿ?"

ಭುವನಾ ಕೈಯಲ್ಲಿದ್ದ ಬಟ್ಟಲನ್ನು ಮೇಜಿನ ಮೇಲಿಟ್ಟಳು. ಅವಳು ಧಾರವಾಡದಲ್ಲಿ ರಸಾಯನಶಾಸ್ತ್ರದ ಕೊನೆಯ ವರ್ಷ ಓದುತ್ತಿದ್ದಳು. ಪ್ರಾಜೆಕ್ಟು ಬ್ಯಾಡಗಿ ಮೆಣಸಿನಕಾಯಿಯ ಬಣ್ಣದ ಮೇಲೆ. ಈ ಮನೆಯಲ್ಲಿ ಎಲ್ಲರಿಗೂ ಅದು ಗೊತ್ತು. ಅವಳೇ ಹೆಮ್ಮೆಯಿಂದ ಹೇಳಿಕೊಂಡಿದ್ದಳು.

ಬುದ್ಧಿ ಓಡುವುದಕ್ಕಿಂತ ಬಾಯಿ ಮುಂದೆ ಓಡಿತ್ತು.

"ಅಪ್ಪಾ, ಅಕ್ಕಾರು ಹಂಗ ಮಾಡೂದಿಲ್ಲ," ಎಂದಳು ಪ್ರಿಯಾಂಕಾ, ನೆಲ ನೋಡುತ್ತ.

"ನೀ ಒಳಗ ನಡಿ!" ಹಾಲೇಶಪ್ಪ ಎದ್ದು ನಿಂತ. ಅವನ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. "ಅಕ್ಕಾರ, ನಿಮ್ಮ ಕೈಯಿಂದ ಮಗಳ ಕೈಗೆ ಪುಸ್ತಕ ಕೊಡಿಸಿದೆ. ಮನಿಯಾಗಿನ ತಂಗಿ ಅಂದೆ. ಸೋಮವಾರ ಹತ್ತು ಗಂಟೆ. ಅಲ್ಲೀತನಕ ಗಂಡು ಬೀಜ ಬಂದ್ರ ಬಂತು. ಇಲ್ಲಂದ್ರ ನಿಮ್ಮ ಧಾರವಾಡದ ಸರ್‌ಗೆ ಪತ್ರ, ರಾಣೆಬೆನ್ನೂರು ಠಾಣೆಗೆ ಫಿರ್ಯಾದು. ಎರಡೂ ಬರೆದಿಟ್ಟೇನಿ."

ಕಳ್ಳತನದ ಫಿರ್ಯಾದು ದಾಖಲಾದ ಹುಡುಗಿಯ ಪ್ರಾಜೆಕ್ಟಿಗೆ ಯಾವ ಸರ್ ಸಹಿ ಹಾಕುತ್ತಾರೆ? ಸಹಿ ಇಲ್ಲದೆ ಪರೀಕ್ಷೆ ಇಲ್ಲ. ಪರೀಕ್ಷೆ ಇಲ್ಲದೆ ಹದಿನೇಳು ವರ್ಷದ ಓದು ಒಂದು ಚೀಲದ ತೂಕ ಅಷ್ಟೇ.

ಮೂಲೆಯ ಕುರ್ಚಿಯಿಂದ ಜಟ್ಟೆಪ್ಪ ಕೆಮ್ಮಿದ. "ಹಾಲೇಶಪ್ಪ, ಆ ಬೀಜ ಒಂದು ಹತ್ತು ಕಾಳು ಕೊಡು. ಕಂಪನಿದು ಬ್ಯಾರೆ ಗಂಡು ಬೀಜ ಇದ್ರ ಅದೂ ನಾಕು ಕಾಳು."

"ನೀವೂ ಪೆಟ್ರೋಲಿನ್ಯಾಗ ಹಾಕಾವ್ರೇನ್ರಿ?"

"ನನ್ನ ಕಡೆ ಸೈಕಲ್ ಐತೋ ಮಾರಾಯ. ಪೆಟ್ರೋಲ್ ಎಲ್ಲಿಂದ ತರ್ಲಿ?"

* * *

ಜಟ್ಟೆಪ್ಪ ಪೊಲೀಸನಲ್ಲ. ಕೋರ್ಟಿನ ಅಮೀನನಾಗಿ ಮೂವತ್ತು ವರ್ಷ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಬಾಗಿಲುಗಳಿಗೆ ಸಮನ್ಸು ಮುಟ್ಟಿಸಿ ನಿವೃತ್ತನಾದವನು. ಮೆಟ್ರಿಕ್ ಎರಡು ಸಲ ಫೇಲು. ಆದರೆ ಒಳಗಿದ್ದೂ ಇಲ್ಲವೆನ್ನಿಸುವವರ ಚಪ್ಪಲಿ ಹೊಸ್ತಿಲಿನ ಯಾವ ಬದಿಗಿರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಊರ ಮಂದಿ ಠಾಣೆಗೆ ಹೋಗುವ ಮೊದಲು ಅವನ ಹತ್ತಿರ ಬರುತ್ತಿದ್ದರು. ಹಾಲೇಶಪ್ಪನೂ ಹಾಗೆಯೇ ಬಂದಿದ್ದ.

ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನಲ್ಲಿ ಭುವನಾ ಕಾಯಿನ್ ಫೋನಿಗೆ ಹೋಗಿ ಬಂದಳು. ಮುಖ ಕಂದಿತ್ತು.

"ಯಾರಿಗೆ ಮಾಡಿದ್ದಿ?"

"ಹಾವೇರಿ ಶೇಖಪ್ಪನವರಿಗೆ. ನಾಳೆ ಅವರ ಮಗಳಿಗೆ ಪಾಠ ಐತಲ್ರಿ. 'ಬರಬ್ಯಾಡ್ರಿ, ಹುಡುಗಿಗೆ ಜ್ವರ' ಅಂದ್ರು. ಹಿಂದ ಆ ಹುಡುಗಿ ನಗೂದು ಕೇಳಸ್ತಿತ್ತು."

"ಜ್ವರದಾಗ ನಗ್ತಾವ ಹುಡುಗೂರು."

"ತಮಾಷಿ ಮಾಡಬ್ಯಾಡ್ರಿ!" ಭುವನಾ ಚೀಲವನ್ನು ಬೆಂಚಿನ ಮೇಲೆ ಕುಕ್ಕಿದಳು. "ಮೂರು ಊರು ಬಸ್ಸಿನ್ಯಾಗ ತಿರುಗಿ ಪಾಠ ಹೇಳ್ತೀನ್ರಿ. ಬಸ್ಸಿನ್ಯಾಗ ನಿಂತ ಓದತೀನಿ. ಪೆಟ್ರೋಲ್ ಪರೀಕ್ಷಾ ನಾನ ಮಾಡಿ ನನ್ನ ಕೊಳ್ಳಿಗೆ ನಾನ ಹಗ್ಗ ಹಾಕ್ಕೊಂಡೆ. ಇಷ್ಟು ಓದಿ ಏನ್ ಬಂತ್ರಿ? ಬಾಯಿ ಮುಚ್ಚಿಕೊಂಡಿರೂದು ಒಂದು ಕಲೀಲಿಲ್ಲ."

ಸಿಟ್ಟು ಬಂದವರಿಗೆ ಸಮಾಧಾನ ಹೇಳುವುದೆಂದರೆ ಕುದಿಯುವ ಹಾಲಿಗೆ ಮುಚ್ಚಳ ಹಾಕಿದಂತೆ. ಜಟ್ಟೆಪ್ಪ ಎರಡು ಚಹಾ ಹೇಳಿ, ಕರವಸ್ತ್ರವನ್ನು ತೊಡೆಯ ಮೇಲೆ ಹಾಸಿ, ಎರಡು ಪೊಟ್ಟಣಗಳನ್ನು ಬಿಚ್ಚಿದ. ಒಂದು ಕಡೆ ಕಂಪನಿಯ ಬೀಜ. ಇನ್ನೊಂದು ಕಡೆ ಕಳ್ಳ ಬೀಜ. ಡಿಸೆಂಬರಿನ ಮಧ್ಯಾಹ್ನದ ಬಿಸಿಲು ಎರಡರ ಮೇಲೂ ಬಿತ್ತು.

"ನೋಡಿಲ್ಲೆ."

"ನೋಡೇನ್ರಿ, ನಾಕು ದಿನದಿಂದ ಅದನ್ನ ನೋಡಾಕತ್ತೇನಿ."

"ನೀ ಲೋಟದಾಗ ನೋಡೀದಿ. ಬಿಸಿಲಾಗ ನೋಡು. ಕಂಪನಿ ಬೀಜ ಸುಣ್ಣದ ಗ್ವಾಡಿ ಹಂಗ ಮಂಕ ಅದಾವ. ಇವು ನೋಡು, ಬೀಗರ ಮನಿಗೆ ಹೊಂಟ ಹೆಣ್ಣುಮಗಳ ಮುಖ ಹೊಳದಂಗ ಹೊಳಿತಾವ."

"ಬಣ್ಣ ಹಚ್ಚಿದ ಮ್ಯಾಲೆ ಹೊಳೀದ ಏನ್ ಮಾಡ್ತಾವ್ರಿ?"

ಜಟ್ಟೆಪ್ಪ ಹಳೆಯ ಬಸ್ ಟಿಕೆಟನ್ನು ಜೇಬಿನಿಂದ ತೆಗೆದು, ಅದರ ಮೇಲೆ ಒಂದು ಕಳ್ಳ ಬೀಜವಿಟ್ಟು, ಹೆಬ್ಬೆರಳಿನಿಂದ ಅದುಮಿ ಎತ್ತಿದ. ಟಿಕೆಟನ್ನು ಬಿಸಿಲಿಗೆ ಹಿಡಿದ. ಬೀಜ ಕೂತಿದ್ದ ಜಾಗದಲ್ಲಿ ಸಾಸಿವೆಯಷ್ಟು ಬೆಳಕು ತೂರಿ ಬರುತ್ತಿತ್ತು.

ಮಿರ್ಚಿ ಭಜಿ ಕಟ್ಟಿಕೊಟ್ಟ ಕಾಗದದ ಮೇಲೆ ಕಾಣುವಂಥ ಕಲೆ.

"ಎಣ್ಣಿ," ಎಂದಳು ಭುವನಾ. ಅವಳ ದನಿ ಇಳಿಯಿತು. ಎರಡು ಲೋಟ, ಪೆಟ್ರೋಲು, ನಾಲ್ಕು ದಿನ. ಒಂದು ಟಿಕೆಟಿನ ಚೂರಿನಷ್ಟು ಕೆಲಸ ಅವಳಿಂದಾಗಿರಲಿಲ್ಲ.

"ಬೀಜದ ಕಸುಬಿನವ ಬೀಜಕ್ಕ ಎಣ್ಣಿ ಮುಟ್ಟಸ್ತಾನೇನು?"

"ಇಲ್ಲರಿ. ಮೊಳಕಿ ಕೆಡತೈತಿ ಅಂತಾನ. ಮಧು ಆಗಲಿ, ಹಾಲೇಶಪ್ಪ ಆಗಲಿ, ಕನಸಿನ್ಯಾಗೂ ಹಚ್ಚೂದಿಲ್ಲ."

"ನಿನ್ನಂಥ ಓದಿದಾಕಿ?"

"ನಾ ಬಣ್ಣ ತೆಗದ್ರ ಲ್ಯಾಬಿನ್ಯಾಗ ತೆಗಿತೀನ್ರಿ. ಆಮ್ಯಾಲೆ ದ್ರಾವಕ ಹಾರಿಸಿಬಿಡ್ತೀನಿ. ಎಣ್ಣಿ ಯಾಕ ಬರತೈತಿ?"

"ಹಂಗಾರ ಕೆಂಪ ಸಾಮಾನು ಕೈಗೆ ಬಂದ ಕೂಡಲೆ, ಯಾರೂ ಹೇಳದಿದ್ರೂ, ಒಂದು ಹನಿ ಎಣ್ಣಿ ಮುಟ್ಟಸೂದು ಯಾರ ಕೈ?"

ಬ್ಯಾಡಗಿಯಲ್ಲಿ ಹುಟ್ಟಿದ ಯಾರಿಗೂ ಈ ಪ್ರಶ್ನೆ ಕಷ್ಟವಲ್ಲ. ಮೆಣಸಿನಕಾಯಿ ಹರಾಜಿನ ಟೆಂಡರಿನ ಹಿಂದಿನ ದಿನ ಕೆಲವು ಅಂಗಡಿಗಳ ಹಿಂದೆ ಹೆಂಗಸರು ಕಾಯಿಗೆ ಎಣ್ಣೆಯ ಕೈ ಸವರುವುದನ್ನು ಭುವನಾ ಚಿಕ್ಕಂದಿನಿಂದ ಕಂಡಿದ್ದಳು. ಎಣ್ಣೆ ಕಂಡರೆ ಖರೀದಿದಾರ ಬೈಯುತ್ತಾನೆ. ಹೊಳಪು ಕಂಡರೆ ಕೊಳ್ಳುತ್ತಾನೆ. ಹಾಗಾಗಿ ಎಣ್ಣೆ ಕಾಣದೆ ಹೊಳಪು ಮಾತ್ರ ಕಾಣಬೇಕು. ಕದ್ದವನ ಕೆಲಸವನ್ನು ಮೆಣಸಿನಕಾಯಿ ಪ್ಯಾಟೆಯ ಕೈಯೊಂದು ಮಾಡಿಕೊಟ್ಟಿತ್ತು.

"ವೀರೇಂದ್ರ!" ಭುವನಾ ಎದ್ದೇ ಬಿಟ್ಟಳು. "ಹಾಲೇಶಪ್ಪನ ಹೆಂಡತಿ ತಮ್ಮ. ಬ್ಯಾಡಗ್ಯಾಗ ದಲಾಲಿ ಅಂಗಡಿ ಐತಿ. ದೀಪಾವಳಿಗೆ ಅಕ್ಕನ್ನ ಕರಿಯಾಕ ಹಲಗೇರಿಗೆ ಬಂದಿದ್ದ. ಡಬ್ಬಿ ಆವಾಗ ಕಪಾಟಿನ್ಯಾಗ ಇತ್ತು."

"ಚಹಾ ಕುಡಿ. ಬಸ್ ಇನ್ನೂ ಬಂದಿಲ್ಲ."

"ಆರಿಹೋಗೈತ್ರಿ."

"ಆರಿದ್ದನ್ನೂ ಕುಡಿಬೇಕು. ಸಿಟ್ಟಿನ್ಯಾಗ ಖಾಲಿ ಹೊಟ್ಟೀಲೆ ಯಾರ ಬಾಗಿಲಕ್ಕೂ ಹೋಗಬಾರ್ದು."

* * *

ಬ್ಯಾಡಗಿಯಲ್ಲಿ ಬಸ್ಸಿಳಿದವರೆಲ್ಲ ಮೊದಲು ಸೀನುತ್ತಾರೆ. ಆಮೇಲೆ ಮಾತು. ವೀರೇಂದ್ರನ ಅಂಗಡಿಯ ಮುಂದೆ ಹೊಸ ಕಾಯಿಯ ಚೀಲಗಳು ಬಾಯಿ ಬಿಚ್ಚಿ ನಿಂತಿದ್ದವು. ವೀರೇಂದ್ರ ಮೂಗಿಗೆ ಟವೆಲ್ ಕಟ್ಟಿಕೊಂಡು ಗಾದಿಯ ಮೇಲೆ ಕೂತಿದ್ದ.

"ಬರ್ರಿ ಅಮೀನ್ ಸಾಹೇಬ್ರ! ರಿಟೈರ್ ಆದ ಮ್ಯಾಲೂ ಸಮನ್ಸ್ ಹಂಚೂದು ಬಿಟ್ಟಿಲ್ಲೇನ್ರಿ?"

"ಕಾಲಿಗೆ ರೂಢಿ ಆಗೈತಪ್ಪ. ಬಿಡು ಅಂದ್ರ ಕೇಳವಲ್ದು."

"ಕುಂದ್ರಿ, ಕುಂದ್ರಿ. ಅಕ್ಕಾರ ನೀವೂ..." ವೀರೇಂದ್ರ ಭುವನಾಳನ್ನು ಕಂಡು ಮಾತು ನುಂಗಿದ. ಸುದ್ದಿ ಇಲ್ಲಿಗೂ ಮುಟ್ಟಿತ್ತು.

ಭುವನಾ ಕೂರಲಿಲ್ಲ. ಪೊಟ್ಟಣವನ್ನು ಅವನ ಮುಂದಿನ ಡೆಸ್ಕಿನ ಮೇಲೆ ಬಿಚ್ಚಿ ಹಾಕಿದಳು.

"ಇದು ನಿಮ್ಮ ಪ್ಯಾಟಿ ಕೆಲಸ. ಕಾಯಿ ಬಣ್ಣ, ಮ್ಯಾಲೆ ಎಣ್ಣಿ. ದೀಪಾವಳಿಗೆ ಹಲಗೇರಿಗೆ ಹೋಗಿದ್ರಿ. ಕಪಾಟಿನ ಕೀಲಿ ಎಲ್ಲಿರತೈತಿ ನಿಮಗ ಗೊತ್ತೈತಿ. ಗಂಡು ಬೀಜ ಎಲ್ಲೈತ್ರಿ?"

ತೂಕದ ಕಾಟಾದ ಹತ್ತಿರ ಚೀಲ ಹೊಲಿಯುತ್ತಿದ್ದ ಹಮಾಲ ನಾಸೀರನ ದಬ್ಬಣ ಗೋಣಿಯಲ್ಲಿಯೇ ನಿಂತಿತು.

ವೀರೇಂದ್ರ ಟವೆಲನ್ನು ಮೂಗಿನಿಂದ ಕೆಳಗಿಳಿಸಿದ. "ಏನಂದಿ?"

"ಕೇಳಿಸಿರಬೇಕು."

"ನಮ್ಮಕ್ಕನ ಮನಿ ಮುಳುಗಿಸಿ ನಾ ಏನ್ ತಿನ್ನಲವಾ? ಮಣ್ಣ ತಿನ್ಲ್ಯಾ? ಆ ಹಂಗಾಮು ನಡದ್ರ ನಮ್ಮಕ್ಕನ ಮನಿ ಒಲಿ ಉರಿತೈತಿ. ಹೆಣ್ಣುಮಗಳು ಅಂತ ಸುಮ್ನದೇನಿ. ಗಂಡಸು ಈ ಮಾತು ಆಡಿದ್ರ ಈ ಕಾಟಾದ ಕಲ್ಲ..."

"ಕಲ್ಲ ಅಲ್ಲೇ ಇರ್ಲಿ," ಎಂದ ಜಟ್ಟೆಪ್ಪ, ಗಾದಿಯ ತುದಿಗೆ ಕೂರುತ್ತ. "ಹುಡುಗಿ ನಾಕು ದಿನದಿಂದ ನಿದ್ದಿ ಮಾಡಿಲ್ಲ. ಆಕಿ ತಪ್ಪು ನನ್ನ ಮ್ಯಾಲಿರ್ಲಿ. ನಾ ನಿನ್ನ ಕಳ್ಳ ಅಂತ ಬಂದಿಲ್ಲಪ್ಪ. ಪಾರಖಿ ಅಂತ ಬಂದೇನಿ. ಕಾಯಿ ಕೈಯಾಗ ಹಿಡದ್ರ ಯಾವ ಊರಿಂದು ಅಂತ ಹೇಳ್ತಿ ಅಂತಾರ. ಇದನ್ನ ಹಿಡದು ಹೇಳು."

ಮನುಷ್ಯನ ಸಿಟ್ಟಿಗಿಂತ ಅವನ ಕಸುಬಿನ ಹೆಮ್ಮೆ ಒಂದು ಅಂಗುಲ ಎತ್ತರವಿರುತ್ತದೆ. ವೀರೇಂದ್ರ ಕಣ್ಣು ಕೆಂಪು ಮಾಡಿಕೊಂಡೇ ನಾಲ್ಕು ಬೀಜಗಳನ್ನು ಎತ್ತಿಕೊಂಡ. ಹೆಬ್ಬೆರಳು ತೋರುಬೆರಳಿನ ನಡುವೆ ಹೊರಳಿಸಿದ. ಮೂಸಿದ. ಬೆಳಕಿಗೆ ಹಿಡಿದ. ಆಮೇಲೆ ನಿಧಾನವಾಗಿ ಇನ್ನೂ ನಾಲ್ಕು ಎತ್ತಿಕೊಂಡ.

"ಶೇಂಗಾ ಎಣ್ಣಿ," ಎಂದ. "ಬೀಜ ತಗದ ಕಾಯಿ ಸಿಪ್ಪಿ ಬೆಚ್ಚನ್ನ ಎಣ್ಣ್ಯಾಗ ಹಾಕಿ, ಒಂದು ಹಗಲು ಇಟ್ಟು, ಹಿಂಡಿ ತಗದದ್ದು."

"ಎಣ್ಣ್ಯಾಗ ಅಷ್ಟು ಬಣ್ಣ ಇಳಿತೈತೇನ್ರಿ?" ಭುವನಾ ಕೇಳಿದ್ದು ಸಿಟ್ಟಿನಿಂದಲೇ.

"ನಿಮ್ಮ ಧಾರವಾಡದಾಗ ಇಳೀದಿರಬಹುದು. ನಮ್ಮ ಹೆಣ್ಣುಮಕ್ಕಳು ಹಬ್ಬಕ್ಕ ಚಟ್ನಿ ಮ್ಯಾಲೆ ಹಾಕೂ ಕೆಂಪೆಣ್ಣಿ ಹಂಗ ಮಾಡ್ತಾರ." ಅವನು ಬೀಜಗಳನ್ನು ಅಂಗೈ ಮೇಲೆ ಹರಡಿದ. ದನಿಯಿಂದ ಸಿಟ್ಟು ಹೋಗಿತ್ತು, ಬೇರೆ ಏನೋ ಬಂದಿತ್ತು. "ಇದು ಗೋಣಿ ಮ್ಯಾಲೆ ಉಜ್ಜಿದ್ದಲ್ಲ ಅಮೀನರ. ಅಂಗೈಯಾಗ ತಿಕ್ಕಿದ್ದು. ನೋಡ್ರಿ, ಒಂದಕ್ಕೊಂದು ಅಂಟಿಲ್ಲ. ಇಷ್ಟು ಸಣ್ಣ ಬೀಜಕ್ಕ ಇಷ್ಟೇ ಎಣ್ಣಿ ಹಿಡಿಸೂದು ನನ್ನ ಕೈಲೆ ಆಗೂದಿಲ್ಲ. ನಾ ಹತ್ತು ವರ್ಷದಿಂದ ಕಾಯಿಗೆ ಕೈ ಹಚ್ಚಿಲ್ಲ, ಹಚ್ಚಿದ್ರ ಉಬ್ಬಸ ಬರತೈತಿ."

"ಯಾರ ಕೈಲೆ ಆಗತೈತಿ?"

"ಈ ಕೈ ಬ್ಯಾಡಗ್ಯಾಗ ಮೂರು ಮಂದಿಗೆ ಇತ್ರಿ. ಗುಲಾಬಬಿ ಹ್ವಾದ ರಮಜಾನದಾಗ ತೀರಿಕೊಂಡ್ಲು. ತಾಜಬಿ ಮಗಳ ಮನಿಗೆ ಹುಬ್ಬಳ್ಳಿಗೆ ಹೋಗಿ ವರ್ಷ ಆತು."

"ಇನ್ನೊಬ್ರು?"

ವೀರೇಂದ್ರ ಬೀಜಗಳನ್ನು ಒಂದೊಂದಾಗಿ ಕಾಗದಕ್ಕೆ ಹಾಕಿ ಪೊಟ್ಟಣ ಮಡಚಿದ. ಮತ್ತೆ ಬಿಚ್ಚಿ ಮತ್ತೆ ಮಡಚಿದ.

"ಆಕಿ ಹೆಸರು ಕೇಳಬ್ಯಾಡ್ರಿ."

"ಯಾಕ್ರಿ? ಹೇಳ್ರಿ!" ಭುವನಾ ಕಿರುಚಿದಳು. "ನನ್ನ ಹೆಸರು ಮೂರು ಊರಾಗ ಹೇಳ್ಯಾರ. ಆಕಿ ಹೆಸರು ಹೇಳಾಕ ಏನ್ ಅಡ್ಡಿ? ಸೋಮವಾರ ನನ್ನ ಜೀವನಾನ ಹೋಗತೈತ್ರಿ!"

"ಹದಿನೆಂಟು ವರ್ಷ ನನ್ನ ಅಂಗಡ್ಯಾಗ ತೊಟ್ಟು ಬಿಡಿಸ್ಯಾಳ ತಂಗಿ. ಒಂದು ಕಾಯಿ ಸೆರಗಿನ್ಯಾಗ ಒಯ್ದಾಕಿ ಅಲ್ಲ. ಆಕಿ ಮಗಳ ಮುಂದ ಆಕಿ ಹೆಸರು ನಾ ಹೆಂಗ ಹೇಳ್ಲಿ?"

ನಾಸೀರ ತಲೆ ಕೆಳಗೆ ಹಾಕಿ ದಬ್ಬಣ ಎಳೆಯತೊಡಗಿದ.

ಭುವನಾಳಿಗೆ ಸೀನು ಬರಲಿಲ್ಲ, ಅಳುವೂ ಬರಲಿಲ್ಲ. ಮೊದಲು ಬಂದದ್ದು ನಾಚಿಕೆ. ತಾನು ಇಷ್ಟು ಹೊತ್ತು ಕಿರುಚಿದ್ದು ಯಾರ ಮೇಲೆ ಎಂಬ ನಾಚಿಕೆ.

* * *

ಭುವನಾಳ ತಾಯಿ ಮರಿಯವ್ವ ಅಂಗಳದಲ್ಲಿ ಮೊರದ ತುಂಬ ಜೋಳ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಇನ್ನೂ ಹೊತ್ತು ಮುಳುಗಿರಲಿಲ್ಲ. ಮಗಳು ಬೆಳಕಿರುವಾಗ ಮನೆಗೆ ಬಂದದ್ದನ್ನು ಕಂಡು ಅವಳಿಗೆ ಖುಷಿಯಾಯಿತು, ಹಿಂದೆ ಜಟ್ಟೆಪ್ಪನನ್ನು ಕಂಡು ಗಾಬರಿಯಾಯಿತು.

"ಅಮೀನರ, ನಮ್ಮ ಮನಿಗೆ ಯಾಕ ಬಂದೀರಿ? ನಾವೇನ್ ಮಾಡೇವಿ?"

"ಕಾಗದ ತಂದಿಲ್ಲವಾ. ನೀರ ಕುಡ್ಯಾಕ ಬಂದೇನಿ."

ಒಳಗೆ ಹೋಗಿ ಕೂತರು. ಭುವನಾಳಿಗೆ ಹೇಗೆ ಕೇಳಬೇಕೆಂದೇ ತಿಳಿಯಲಿಲ್ಲ. ನಾಲ್ಕು ದಿನಗಳಿಂದ ಅವಳು ತಾಯಿಗೆ ಏನೂ ಹೇಳಿರಲಿಲ್ಲ, ಆಕೆ ಒದ್ದಾಡುತ್ತಾಳೆಂದು. ಬಡವರ ಮನೆಯಲ್ಲಿ ಒಬ್ಬರ ಕಷ್ಟವನ್ನು ಇನ್ನೊಬ್ಬರಿಂದ ಮುಚ್ಚಿಡುವುದೇ ಪ್ರೀತಿ ಎಂದು ತಿಳಿದಿರುತ್ತಾರೆ. ಆ ಪ್ರೀತಿಯಿಂದಾಗುವ ನಷ್ಟ ಆಮೇಲೆ ಗೊತ್ತಾಗುತ್ತದೆ.

ಜಟ್ಟೆಪ್ಪ ನೀರು ಕುಡಿದು ತಂಬಿಗೆ ಕೆಳಗಿಟ್ಟು, ಪೊಟ್ಟಣವನ್ನು ಮರಿಯವ್ವನ ಕಡೆಗೆ ಸರಿಸಿದ. "ಇದು ಯಾರ ಕೈ ಕೆಲಸ ಇರಬಹುದವಾ?"

ಮರಿಯವ್ವ ಬಿಚ್ಚಿ ನೋಡಿದಳು. ಅವಳ ಮುಖವೆಲ್ಲ ಅರಳಿತು.

"ನಂದ! ಯಾಕ್ರಿ, ಚಲೋ ಆಗಿಲ್ಲೇನ್ರಿ?"

"ಯವ್ವಾ..." ಭುವನಾ ಗೋಡೆ ಹಿಡಿದಳು.

"ಅದ ಮುಖಾ ಮಾಡಬ್ಯಾಡ. ತಂದಾಕಿ ಕೊಟ್ಟಿದ್ದು ಬರೇ ಬಿಳೀ ಬೀಜ, ಒಂದು ಹಿಡಿ. ಕೆಂಪ ಮಾಡಬೇಕು, ನೀರಿಗೆ ಬಣ್ಣ ಹೋಗಬಾರ್ದು ಅಂದ್ಲು. ನೀರಿಗೆ ಹೋಗದ ಕೆಂಪು ನನಗ ಇನ್ಯಾವ್ದು ಗೊತ್ತೈತಿ? ಇದರಂಗ ಮಾಡ್ರಿ ಅಂತ ಒಂದು ಮಾದರಿನೂ ಕೊಟ್ಟಿದ್ಲು. ಅದು ಮಂಕ ಇತ್ತವಾ, ನೋಡಾಕ ಛಂದ ಇರ್ಲಿಲ್ಲ. ನಾ ಒಂದೀಟು ಎಣ್ಣಿ ಕೈ ತಿರುಗಿಸಿ ಹೊಳಪು ಕೊಟ್ಟೆ. ನಿನಗ ನಾಕು ಮಾರ್ಕ್ಸ್ ಜಾಸ್ತಿ ಬರ್ಲಿ ಅಂತ."

"ನನಗ? ನನಗ ಯಾಕ?"

"ನಿನ್ನ ಪ್ರಾಕ್ಟಿಕಲ್ಲಿಗೆ ಅಲ್ಲೇನ? ನೀನ ಕಳಿಸಿದ್ದಿ ಅಂದ್ಲಲ್ಲ."

"ನಾ ಯಾರನ್ನೂ ಕ..." ಭುವನಾಳ ಮಾತು ನಿಂತಿತು. "ಯವ್ವಾ, ನನಗ ಒಂದು ಮಾತು ಕೇಳಬಾರ್ದಾ?"

"ಯಾವಾಗ ಕೇಳ್ಲಿ?" ಮರಿಯವ್ವನ ದನಿಯಲ್ಲಿ ದೂರಿರಲಿಲ್ಲ. "ಮುಂಜಾನೆ ಬಸ್ಸಿಗೆ ಹೊತ್ತಾತು ಅಂತ ಸಿಟ್ಟು, ಸಂಜೀಕ ದಣಿದು ಸಿಟ್ಟು. ಏನ್ ಕೇಳಿದ್ರೂ 'ನಿನಗ ತಿಳಿಯೂದಿಲ್ಲ ಬಿಡವ್ವಾ' ಅಂತಿ. ಇದಾದ್ರೂ ನನಗ ತಿಳಿಯೂ ಕೆಲಸ ಕಳಿಸ್ಯಾಳಂತ ಸಂತೋಷ ಪಟ್ಟೆ."

ಜಟ್ಟೆಪ್ಪ ಮೆಲ್ಲಗೆ ಕೇಳಿದ. "ತಂದು ಕೊಟ್ಟಾಕಿ ಯಾರವಾ?"

"ಈಕಿ ಶಿಷ್ಯೆ. ಹಲಗೇರಿ ಹುಡುಗಿ. ದೀಪಾವಳಿಗೆ ಮಾವನ ಮನಿಗೆ ಅಂತ ಇಲ್ಲೇ ಬಂದಿತ್ತಲ್ಲ, ಪ್ರಿಯಾಂಕಾ. ಎರಡು ಸಲ ಬಂತು. ಒಮ್ಮೆ ಕೊಡಾಕ, ಒಮ್ಮೆ ಒಯ್ಯಾಕ. ಪಾಪ, ಬಂದಾಗೆಲ್ಲ ಕಾಲು ಮುಟ್ಟಿ ನಮಸ್ಕಾರ ಮಾಡತೈತಿ."

ಪೆಟ್ರೋಲು ತಂದುಕೊಟ್ಟ ಹುಡುಗಿ. 'ಅಕ್ಕಾರು ಹಂಗ ಮಾಡೂದಿಲ್ಲ' ಎಂದ ಒಬ್ಬಳೇ ಹುಡುಗಿ. ಭುವನಾ ನೆಲದ ಮೇಲೆ ಕೂತಳು.

"ಮಾದರಿ ಅಂದ್ಯಲ್ಲವಾ," ಎಂದ ಜಟ್ಟೆಪ್ಪ. "ಅದನ್ನ ಆ ಹುಡುಗಿ ವಾಪಸ್ ಒಯ್ದ್ಲೇನು?"

"ಇಲ್ರಿ. ಅಕ್ಕಾರು ಕೇಳೂತನಕ ನಿಮ್ಮ ಕಡೆನ ಇರ್ಲಿ ಅಂದ್ಲು. ಈಕಿ ಕೇಳ್ಲೇ ಇಲ್ಲ."

ಮರಿಯವ್ವ ಎದ್ದು, ಅಡಿಗೆಮನೆಯ ಗೂಡಿನಿಂದ ಉಪ್ಪಿನ ಜಾಡಿ ಸರಿಸಿ, ಹಿಂದಿನಿಂದ ಒಂದು ಬಿಳಿಯ ಬಟ್ಟೆಯ ಚೀಲ ತಂದು ಮಗಳ ಮಡಿಲಿಗೆ ಹಾಕಿದಳು. ಅಂಗೈಯಗಲದ ಚೀಲ. ಬಾಯಿಗೆ ಕಂಪನಿಯ ನೀಲಿ ದಾರ. ಮೇಲೆ ಲಾಟ್ ನಂಬರಿನ ಮುದ್ರೆ.

ಹಲಗೇರಿಯ ನಲವತ್ತು ಮನೆಗಳ ಗಂಡು ಬೀಜ. ಈಗ ಬಿತ್ತಿದರೂ ಹಂಗಾಮು ಉಳಿಯುತ್ತಿತ್ತು.

ಮೂವರೂ ಅದನ್ನೇ ನೋಡುತ್ತ ಕೂತಿರುವಾಗ ಓಣಿಯ ತುದಿಯಲ್ಲಿ ಜೀಪು ನಿಂತ ಸದ್ದು ಕೇಳಿಸಿತು. ಜೀಪಿನ ಬಾಗಿಲು ಬಡಿದ ಸದ್ದು, ಎರಡು ಸಲ. ಯಾರೋ ಪಕ್ಕದ ಮನೆಯವರನ್ನು ಕೇಳಿದರು: "ಮರಿಯವ್ವ ಅನ್ನೋರ ಮನಿ ಯಾವ್ದ್ರಿ?"

ಹಾಲೇಶಪ್ಪನ ದನಿ. ಸೋಮವಾರದವರೆಗೆ ಅವನು ಕಾಯಲಿಲ್ಲ.

ಭುವನಾ ತಾಯಿಗೆ ನಾಲ್ಕೇ ಮಾತಿನಲ್ಲಿ ವಿಷಯ ಹೇಳಿದಳು. ಮರಿಯವ್ವನ ಕೈ ಬಾಯಿಗೆ ಹೋಯಿತು. ಮರುಕ್ಷಣ ಆಕೆ ಒಲೆಯ ಕಡೆ ತಿರುಗಿದಳು.

"ಒಲ್ಯಾಗ ಹಾಕ್ತೀನಿ ಕೊಡು! ಬೂದಿ ಆದ್ರ ಯಾರಿಗೆ ಗೊತ್ತಾಗತೈತಿ?"

"ನಲವತ್ತು ಮನಿ ಬೂದಿ ಆಕ್ಕಾವ ಯವ್ವಾ."

"ನನ್ನ ಚೀಲದಾಗ ಹಾಕು," ಎಂದ ಜಟ್ಟೆಪ್ಪ, ಪಿಸುದನಿಯಲ್ಲಿ. "ನನ್ನ ಚೀಲಾ ಯಾರೂ ಮುಟ್ಟೂದಿಲ್ಲ. ನಾಳೆ ಎಲ್ಲೋ ಸಿಕ್ಕಿತು ಅಂತ ಕೊಡ್ತೀನಿ. ಸುಳ್ಳು ಹೇಳಿದ್ರ ನನಗ ಈ ವಯಸ್ಸಿನ್ಯಾಗ ಏನ್ ಆಗೂದೈತಿ?"

ಕ್ಷಣಕಾಲ ಭುವನಾಳ ಕೈ ಅವನ ಕಡೆ ಚಾಚಿತು. ಪರೀಕ್ಷೆ, ಸಹಿ, ಧಾರವಾಡದ ಮೆಟ್ಟಿಲು, ಎಲ್ಲ ಆ ಹಳೆಯ ಚೀಲದ ಬಾಯಲ್ಲಿ ಕಂಡವು. ಆಮೇಲೆ ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಬ್ಯಾಡ್ರಿ. ಮುಚ್ಚಿಟ್ಟು ಮುಚ್ಚಿಟ್ಟು ಇಲ್ಲೀತನಕ ಬಂತು. ನಾನ ಕೊಡ್ತೀನಿ. ನಡದದ್ದು ನಡದಂಗ ಹೇಳ್ತೀನಿ. ನಂಬಿದ್ರ ನಂಬಲಿ."

ಅವಳು ಹೋಗಿ ತಾನೇ ಬಾಗಿಲು ತೆಗೆದಳು, ಬಟ್ಟೆಯ ಚೀಲವನ್ನು ಎದೆಯ ಮುಂದೆ ಹಿಡಿದು, ಎಲ್ಲರಿಗೂ ಕಾಣುವಂತೆ.

ಹಾಲೇಶಪ್ಪ ಹೊಸ್ತಿಲಿನಾಚೆ ನಿಂತಿದ್ದ. ಅವನ ಹಿಂದೆ ಮಧು. ಇಬ್ಬರ ನಡುವೆ ಪ್ರಿಯಾಂಕಾ, ಕಾಲೇಜಿನ ಚೂಡಿದಾರಿನಲ್ಲಿಯೇ.

ಭುವನಾ ಬಾಯಿ ತೆರೆಯುವ ಮೊದಲೇ ಹುಡುಗಿ ಕೈ ಎತ್ತಿ ಚೀಲವನ್ನು ತೋರಿಸಿದಳು.

"ನೋಡಪ್ಪಾ. ಅಕ್ಕಾರು ಡಬ್ಬಿ ತಗದದ್ದು ನಾ ನೋಡಿದ್ದೆ. ಹೆದರಿ ಹೇಳಿರ್ಲಿಲ್ಲ. ಬಣ್ಣ ಹಚ್ಚಿದ್ದು ಅವರವ್ವ. ಬೀಜ ಇಲ್ಲೇ ಇಟ್ಟಾರ ಅಂತ ಹೇಳಿದ್ನಲ್ಲ."

ಎಲ್ಲಿಯೂ ತಡವರಿಸಲಿಲ್ಲ. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಕಣ್ಣು ಮಾತ್ರ ಭುವನಾಳ ತಲೆಯ ಮೇಲಿನ ತೊಲೆಯಲ್ಲಿ ನೆಟ್ಟಿತ್ತು.

ಆರು ತಿಂಗಳು ಆ ಹುಡುಗಿಯ ಎದುರು ಕೂತು ಪಾಠ ಒಪ್ಪಿಸಿಕೊಂಡವಳು ಭುವನಾ. ಅರ್ಥವಾದ ಪಾಠ ಹೇಳುವಾಗ ಪ್ರಿಯಾಂಕಾ ತಡವರಿಸುತ್ತಿದ್ದಳು, ಮುಖ ನೋಡುತ್ತಿದ್ದಳು, ನಡುವೆ ನಗುತ್ತಿದ್ದಳು. ಹೀಗೆ ತೊಲೆ ನೋಡುತ್ತ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದದ್ದು ಬಾಯಿಪಾಠವನ್ನು ಮಾತ್ರ.

ಈ ಉತ್ತರವನ್ನು ಯಾರೋ ಅವಳನ್ನು ಕೂರಿಸಿಕೊಂಡು, ಮತ್ತೆ ಮತ್ತೆ ಹೇಳಿಸಿ, ಕಲಿಸಿ ಕಳಿಸಿದ್ದರು.